ಹರಕು ರಬ್ಬರಿನ ಗೆರೆಗಳು

ಹಕ್ಕಿಗೆ ಗಾಜು ಕಾಣುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗಾಜಿನಲ್ಲಿ ತೋರುವ ಆಕಾಶ ಅದಕ್ಕೆ ಆಕಾಶವೇ, ಮರ ಮರವೇ. ಆ ಮರದಲ್ಲಿ ಕೂರೋಣ ಎಂದು ಹೊರಟ ಹಕ್ಕಿ ಬಡಿದು ಸಾಯುತ್ತದೆ. ಯಾವತ್ತೋ ನಿಮ್ಮ ಕಿಟಕಿಗೆ 'ಟಪ್' ಎಂದು ಏನೋ ತಗುಲಿದಾಗ ತಲೆ ಎತ್ತಿ ನೋಡಿ, ಯಾರೂ ಇಲ್ಲವೆಂದು ಮತ್ತೆ ಫೋನಿಗೆ ತಲೆ ಬಗ್ಗಿಸಿದಿರಲ್ಲ, ಅದೇ ಅದು.

ಹಲ್ಲಿಗೂ ಇದು ಗೊತ್ತಿರಲಿಲ್ಲ. ಅವನಾದರೂ ತಿಳಿದ ಮೇಲೆ ನಿದ್ದೆಗೆಟ್ಟ. ನೀವು ನಿದ್ದೆಗೆಡಲಿಲ್ಲ.

ಹಲ್ಲಿ ಎಂಬುದು ಅಡ್ಡಹೆಸರು. ಹದಿನಾಲ್ಕು ಮಹಡಿಯ ಗಾಜಿನ ಕಚೇರಿಯ ಮೈಮೇಲೆ ಹಗ್ಗದಲ್ಲಿ ಜೋತುಬಿದ್ದು, ಒಂದು ಕೈಯಲ್ಲಿ ಸೋಪುನೀರಿನ ಕುಂಚ, ಇನ್ನೊಂದರಲ್ಲಿ ನೀರು ಎಳೆಯುವ ರಬ್ಬರ್ ಪಟ್ಟಿ ಹಿಡಿದು ಇಳಿಯುವವನಿಗೆ ಜನ ಇನ್ನೇನು ಹೆಸರಿಡುತ್ತಾರೆ? ಹತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದ. ಮೇಲೆ ತಾರಸಿಯಲ್ಲಿ ಹಗ್ಗ ಕಾಯುತ್ತಿದ್ದವನು ಹೆಂಡತಿಯ ತಮ್ಮ.

"ಹಗ್ಗ ಬಾಮೈದನ ಕೈಲಿದೆ ಕಣ್ರೀ. ಅದಕ್ಕೇ ನಾನು ಮನೇಲಿ ಜಗಳ ಆಡಲ್ಲ" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಹೆಂಡತಿ ಅಂಗಿ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವವಳು, ಮಾತಿನಲ್ಲೂ ಸೂಜಿ. "ಆಡಿ ನೋಡಿ. ಗಂಟು ಹಾಕೋದು ಅವನಿಗೆ ನಮ್ಮಪ್ಪ ಕಲಿಸಿದ್ದು, ಬಿಚ್ಚೋದು ನಾನು ಕಲಿಸಿದ್ದು."

ಹಲ್ಲಿ ಕೂತಲ್ಲಿ ಕೂರುವ ಜೀವ ಅಲ್ಲ. ಒಂದೂವರೆ ಕೋಣೆಯ ಮನೆಯಲ್ಲಿ ಕುರ್ಚಿಯಲ್ಲಿ ಕೂತರೆ ಕಾಲು ಕುಣಿಯುತ್ತದೆ, ಮೇಜಿನ ಮೇಲಿನ ಲೋಟ ತಾನಾಗಿಯೇ ನಡೆಯಲು ಶುರುಮಾಡುತ್ತದೆ. ಅವನಿಗೆ ನೆಮ್ಮದಿ ಇದ್ದದ್ದು ಹಗ್ಗದ ಮೇಲೆ ಮಾತ್ರ, ಏಕೆಂದರೆ ಅಲ್ಲಿ ಅವನು ಒಬ್ಬಂಟಿಯಲ್ಲ.

ಈ ನಗರದಲ್ಲಿ ಪ್ರಕೃತಿ ಎಲ್ಲಿದೆ ಎಂದು ನಿಟ್ಟುಸಿರು ಬಿಟ್ಟು, ವರ್ಷಕ್ಕೆ ನಾಲ್ಕು ದಿನ ರಜೆ ಹಾಕಿ ಕಾಡಿನ ಹೋಟೆಲ್ಲಿಗೆ ಓಡುವವರೇ, ಕೇಳಿ. ಹನ್ನೊಂದನೇ ಮಹಡಿಯ ಏಸಿ ಪೆಟ್ಟಿಗೆಯ ಮೇಲೆ ಹದ್ದಿನ ಗೂಡಿದೆ. ತಂತಿ, ಕಡ್ಡಿ, ಪ್ಲಾಸ್ಟಿಕ್ಕು, ನಡುವೆ ಮೆತ್ತಗೆ ಹಾಸಿದ ಬಿಳಿ ನೂಲು. ಆ ನೂಲು ಹಲ್ಲಿಯ ಒರೆಸುಕೋಲಿನದು. ತಾರಸಿಯಲ್ಲಿ ಒಣಗಲು ಇಟ್ಟಾಗಲೆಲ್ಲ ಹದ್ದು ಕಿತ್ತುಕೊಂಡು ಹೋಗಿತ್ತು. ಕಂಪನಿಯ ಹೆಸರು ಬರೆದ ದೊಡ್ಡ ಫಲಕದ ಹಿಂದೆ ಬಾವಲಿಗಳು ಸಂಸಾರ ಹೂಡಿವೆ. ಒಂಬತ್ತನೇ ಮಹಡಿಯ ಬಿರುಕಿನಲ್ಲಿ ಯಾವುದೋ ಹಕ್ಕಿ ಉದುರಿಸಿದ ಬೀಜ ಮೊಳೆತು ಮೊಳದುದ್ದದ ಗಿಡವಾಗಿ, ಅದರ ಮೇಲೆ ಇರುವೆಗಳ ಸಾಲು. ಅಷ್ಟು ಎತ್ತರಕ್ಕೆ ಇರುವೆ ಹೇಗೆ ಹೋಯಿತು? ಲಿಫ್ಟಿನಲ್ಲಂತೂ ಹೋಗಿರಲಿಕ್ಕಿಲ್ಲ, ಅದಕ್ಕೆ ಗುರುತಿನ ಚೀಟಿ ಬೇಕು. ಗಾಜಿನ ಆಚೆ, ಒಂದು ಮೊಳ ದೂರದಲ್ಲಿ, ಜನ ಬೆನ್ನು ಹಾಕಿ ಕೂತಿರುತ್ತಾರೆ. ಹದ್ದು ಮರಿಗೆ ಉಣಿಸುತ್ತಿದ್ದರೆ ಅವರು ಕಂಪ್ಯೂಟರಿನ ಪರದೆಗೆ ಕಾಡಿನ ಚಿತ್ರ ಹಾಕಿಕೊಂಡು ಕಣ್ಣು ತಂಪು ಮಾಡಿಕೊಳ್ಳುತ್ತಾರೆ.

ಕೆಲಸದಲ್ಲಿ ಹಲ್ಲಿಗೆ ಒಂದು ಜಂಬ ಇತ್ತು. "ನಾನು ತೊಳೆದ ಗಾಜು ಅಲ್ಲಿದೆಯೋ ಇಲ್ವೋ ಗೊತ್ತಾಗಬಾರದು" ಎನ್ನುತ್ತಿದ್ದ. ಎದುರಿನ ಉದ್ಯಾನದ ಮರಗಳೆಲ್ಲ ಪೂರ್ವದ ಗೋಡೆಯಲ್ಲಿ ಎಲೆ ಎಲೆ ಎಣಿಸುವಷ್ಟು ಸ್ಪಷ್ಟವಾಗಿ ಮೂಡಬೇಕು. ಹಾಗೆ ಮೂಡಿಸಿದ ದಿನ ಅವನಿಗೆ ಹಬ್ಬ.

ಆ ಹಬ್ಬ ಮುರಿದದ್ದು ಅಕ್ಕ. ಕಟ್ಟಡದ ಸುತ್ತ ಗುಡಿಸುವಾಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು. ಆಕೆಯ ಕೆಲಸ ಬೆಳಿಗ್ಗೆ ಆರಕ್ಕೆ ಶುರು, ಎಂಟರೊಳಗೆ ಮುಗಿಯಬೇಕು, ಎಂಟಕ್ಕೆ ಕಚೇರಿಯವರು ಬರುತ್ತಾರೆ. ಒಂದು ಚಳಿಗಾಲದ ಬೆಳಿಗ್ಗೆ ಹಲ್ಲಿ ಬೇಗ ಬಂದವನು ಆಕೆಯ ಬುಟ್ಟಿಯಲ್ಲಿ ಇಣುಕಿದ. ಉದುರಿದ ಎಲೆ ಎಂದುಕೊಂಡ. ಎಲೆಯಷ್ಟೇ ಹಸಿರು, ಎಲೆಯಷ್ಟೇ ಹಗುರ. ಆದರೆ ಕೊಕ್ಕುಗಳಿದ್ದವು.

"ಇದೆಲ್ಲ ಎಲ್ಲಿಂದ ಅಕ್ಕ?"

"ನಿನ್ನ ಗಾಜಿಂದ."

"ನನ್ನ ಗಾಜೇನು ಮಾಡ್ತು?"

"ನನ್ನನ್ನ ಕೇಳ್ತೀಯಲ್ಲ. ನೀನು ತೊಳೆದ ಮಾರನೇ ದಿನವೇ ನನ್ನ ಬುಟ್ಟಿ ತುಂಬೋದು. ಕೊಳೆ ಕೂತಿರೋ ವಾರ ಎರಡೋ ಮೂರೋ. ಇಷ್ಟು ವರ್ಷ ನಿಂಗೆ ಗೊತ್ತಿದೆ, ಗೊತ್ತಿದ್ದೇ ತೊಳೀತೀಯ ಅಂದ್ಕೊಂಡಿದ್ದೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಹದಿನಾಲ್ಕು ಮಹಡಿಯ ಕನ್ನಡಿ ಎದುರಿಗಿಟ್ಟುಕೊಂಡೂ ಅವನಿಗೆ ಹುಣ್ಣು ಕಂಡಿರಲಿಲ್ಲ. ಮನೆಗೆ ಹೋದವನು ಕೂತ. ಎದ್ದ, ಕೂತ, ಮತ್ತೆ ಎದ್ದ. ಮೈಯೊಳಗೆ ಇರುವೆ ಬಿಟ್ಟುಕೊಂಡವನ ಹಾಗೆ ಓಡಾಡಿದ. "ಕೂತ್ಕೊಳ್ಳಿ, ಇಲ್ಲ ಹೊರಗೆ ಹೋಗಿ" ಎಂದಳು ಹೆಂಡತಿ. ಹೊರಗೆ ಹೋದ. ಬೀದಿಯಲ್ಲಿ ಬ್ಯಾಂಕು, ಆಸ್ಪತ್ರೆ, ಚಪ್ಪಲಿ ಅಂಗಡಿ, ಎಲ್ಲೆಲ್ಲೂ ಗಾಜು. ಪ್ರತಿ ಗಾಜಿನ ಬುಡದಲ್ಲಿ ಬಗ್ಗಿ ನೋಡುತ್ತ ಹೋದ. ಕಳ್ಳನಿರಬೇಕೆಂದು ಬ್ಯಾಂಕಿನ ಕಾವಲುಗಾರ ಎಬ್ಬಿಸಿ ಕಳಿಸಿದ.

ಉಪಾಯ ಸಿಕ್ಕಿದ್ದು ಒಂದು ತಪ್ಪಿನಿಂದ. ಮರುವಾರ ಕಟ್ಟಡದ ಮೂಲೆಯ ಉಕ್ಕಿನ ಅಂಚಿಗೆ ತಗುಲಿ ರಬ್ಬರ್ ಪಟ್ಟಿ ಅಲ್ಲಲ್ಲಿ ಹರಿಯಿತು. ಬದಲಿಸಲು ಮೇಲೆ ಹತ್ತಬೇಕು, ಹೊತ್ತು ಬೇರೆ ಮುಳುಗುತ್ತಿತ್ತು. ಹರಕು ಪಟ್ಟಿಯಲ್ಲೇ ಎಳೆದು ಒಂದು ಸಾಲು ಮುಗಿಸಿದ. ಹರಿದ ಕಡೆಯೆಲ್ಲ ಸೋಪು ಉಳಿದು, ಒಣಗಿ, ಮೇಲಿನಿಂದ ಕೆಳಗಿನವರೆಗೆ ಬಿಳಿ ಗೆರೆಗಳಾದವು. ಅವನ ಕಸುಬಿನಲ್ಲಿ ಇದಕ್ಕಿಂತ ನಾಚಿಕೆಗೇಡು ಇಲ್ಲ. ಮೂರು ದಿನ ಬಿಟ್ಟು ಅಕ್ಕ ಪೊರಕೆಯ ಹಿಡಿಯಲ್ಲೇ ಮೇಲೆ ತೋರಿಸಿದಳು. "ಆ ಗೀಚಿರೋ ಸಾಲಿನ ಕೆಳಗೆ ಒಂದೂ ಬಿದ್ದಿಲ್ಲ."

ಅವತ್ತು ಸಂಜೆ ಅವನು ಬ್ಲೇಡು ತೆಗೆದುಕೊಂಡು ಹೊಸ ರಬ್ಬರ್ ಪಟ್ಟಿಗೆ ಮೂರು ಮೂರು ಬೆರಳಗಲಕ್ಕೊಂದರಂತೆ ಕಚ್ಚು ಹಾಕಿದ. ಹೊಚ್ಚ ಹೊಸದಕ್ಕೆ. ಭಾವಮೈದುನ ತಲೆ ಚಚ್ಚಿಕೊಂಡ.

"ಭಾವ, ತಲೆ ಕೆಟ್ಟಿದೆಯಾ? ಒಳಗಿನವರು ನೋಡಿದ್ರೆ?"

"ಒಳಗಿನವರು ಹೊರಗೆ ಯಾವತ್ತು ನೋಡಿದ್ದಾರೋ?"

ಸರಿಯಾಗಿಯೇ ಹೇಳಿದ್ದ. ಇಡೀ ಪೂರ್ವದ ಗೋಡೆ ತುಂಬ ಗೆರೆ ಎಳೆದ, ಮಳೆ ತೊಳೆದಾಗಲೆಲ್ಲ ಮತ್ತೆ ಎಳೆದ. ಒಂದು ವರ್ಷ ಒಳಗಿನ ಒಬ್ಬನೂ ಕೇಳಲಿಲ್ಲ. ಅಕ್ಕನ ಬುಟ್ಟಿಗೆ ವಾರಕ್ಕೆ ಒಂದು ಬಿದ್ದರೆ ಹೆಚ್ಚು. ಹಲ್ಲಿಯ ಕಾಲು ಕುಣಿಯುವುದೂ ಸ್ವಲ್ಪ ನಿಂತಿತು, ಲೋಟ ಇಟ್ಟಲ್ಲೇ ಇರತೊಡಗಿತು.

ಮುಂದಿನ ಚಳಿಗಾಲ ಕಂಪನಿಯ ಅಧ್ಯಕ್ಷರು ಬರುವುದೆಂದಾಯಿತು. ಸ್ವಾಗತದ ಫಲಕಕ್ಕೆ ಕಟ್ಟಡದ ಫೋಟೋ ತೆಗೆಸಿದರು. ಫೋಟೋದಲ್ಲಿ ಗೆರೆ ಕಂಡಿತು. ಮೇಲ್ವಿಚಾರಕರು ಟೈ ಕಟ್ಟಿಕೊಂಡೇ ತಾರಸಿಗೆ ಏದುಸಿರು ಬಿಡುತ್ತ ಬಂದರು.

"ಏನಯ್ಯಾ ಇದು, ಕಟ್ಟಡಕ್ಕೆ ಪಟ್ಟೆ ಪೈಜಾಮ ಹಾಕಿಸಿದ್ದೀಯಾ?"

"ಸಾರ್, ಹಕ್ಕಿ ಸಾಯ್ತಾವೆ ಸಾರ್. ದೂರದಿಂದ ಹಾರಿಬರೋವು, ಈ ವಾರವೇ ಬರ್ತಾ ಇದ್ದಾವೆ. ಮುಂದಿನ ತಿಂಗಳು ನೀವು ಹೇಳಿದಂಗೆ ತೊಳೀತೀನಿ."

"ಅಧ್ಯಕ್ಷರೂ ದೂರದಿಂದ ಹಾರಿಕೊಂಡೇ ಬರ್ತಾ ಇರೋದು. ನಾಳೆ ಸಂಜೆಯೊಳಗೆ ಗೋಡೆ ಫಳಫಳ ಅನ್ನಬೇಕು. ಇಲ್ಲಾಂದ್ರೆ ನೀನೂ ಬೇಡ, ನಿನ್ನ ಬಾಮೈದನೂ ಬೇಡ."

ತನ್ನ ಕೆಲಸವೊಂದೇ ಆಗಿದ್ದರೆ ಏನೆನ್ನುತ್ತಿದ್ದನೋ. ಹಗ್ಗಕ್ಕೆ ಎರಡು ತುದಿ. ಇನ್ನೊಂದು ತುದಿಯಲ್ಲಿ ನಿಂತವನು ಭಾವನ ಮುಖವನ್ನೇ ನೋಡುತ್ತಿದ್ದ. ಹಲ್ಲಿ ಹೊಸ ಪಟ್ಟಿ ಹಾಕಿ ಮರುದಿನ ಪೂರ್ತಿ ತೊಳೆದ. ಉದ್ಯಾನದ ಮರಗಳೆಲ್ಲ ಗೋಡೆಯಲ್ಲಿ ಎಲೆ ಎಲೆಯಾಗಿ ಮೂಡಿದವು. ಹತ್ತೊಂಬತ್ತು ವರ್ಷದಲ್ಲೇ ಅಷ್ಟು ಚೆನ್ನಾಗಿ ತೊಳೆದಿರಲಿಲ್ಲ ಎಂದು ಅವನೇ ಹೇಳಿದ. ಹೇಳುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಬೆಳಿಗ್ಗೆ ಆರೂವರೆಗೆ ಅವನು ಬರುವಷ್ಟರಲ್ಲಿ ಅಕ್ಕ ಪೊರಕೆ ಹಿಡಿದು ಸುಮ್ಮನೆ ನಿಂತಿದ್ದಳು. ಮೆಟ್ಟಿಲ ಮೇಲೆ, ಹೂಕುಂಡಗಳ ನಡುವೆ, ಅಧ್ಯಕ್ಷರಿಗೆಂದು ಹಾಸಿದ ಜಮಖಾನೆಯ ಮೇಲೆ. ಇಬ್ಬರೂ ಎಣಿಸಿದರು. ಐವತ್ತೆಂಟು. ಒಂದು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಅವನ ಅಂಗೈಯಲ್ಲೇ ನಿಂತುಹೋಯಿತು.

"ಅಕ್ಕ, ಇವತ್ತೊಂದು ದಿನ ಗುಡಿಸಬೇಡ."

"ಕೆಲಸ ಹೋದ್ರೆ ನೀನು ಸಾಕ್ತೀಯಾ?"

ಅಕ್ಕ ಅವನ ಅಂಗೈಯನ್ನೊಮ್ಮೆ ನೋಡಿದಳು. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಕೂತ್ಕೋ ನೀನೂ. ಕಾಲು ಅಲ್ಲಾಡಿಸಬೇಡ."

ಎಂಟಕ್ಕೆ ಕಚೇರಿಯವರು ಬಂದರು. ಬಂದವರೆಲ್ಲ ನಿಂತರು. "ಅಯ್ಯೋ ಪಾಪ" ಎಂದರು, ಫೋಟೋ ಹೊಡೆದರು, ಕಾಲು ಎತ್ತಿ ಎತ್ತಿ ಇಟ್ಟು ಒಳಗೆ ಹೋದರು. ಇದು ಹೇಗಾಯಿತು ಎಂದು ಮೆಟ್ಟಿಲ ಮೇಲೆ ಕೂತ ಇಬ್ಬರನ್ನು ಒಬ್ಬರೂ ಕೇಳಲಿಲ್ಲ. ಮೇಲ್ವಿಚಾರಕರು ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ತಾವೇ ಗುಡಿಸಿದರು. ಅಧ್ಯಕ್ಷರು ಬಂದಾಗ ಜಮಖಾನೆ ಸ್ವಚ್ಛವಾಗಿತ್ತು, ಗೋಡೆ ಫಳಫಳ ಎನ್ನುತ್ತಿತ್ತು.

ಅಕ್ಕನನ್ನು ಊರಾಚೆಯ ಉಗ್ರಾಣಕ್ಕೆ ಹಾಕಿದರು, ಎರಡು ಬಸ್ಸು ಬದಲಿಸಬೇಕು. ಹಲ್ಲಿಯನ್ನು ಹಗ್ಗದಿಂದ ಇಳಿಸಿ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಒರೆಸಲು ಬಿಟ್ಟಿದ್ದಾರೆ. ಅಲ್ಲಿ ಆಕಾಶವೂ ಇಲ್ಲ, ಗಾಜೂ ಇಲ್ಲ. ಲೋಟ ಮತ್ತೆ ನಡೆಯುತ್ತಿದೆ. ರಜೆಯ ದಿನ ಅವನು ಸೋಪಿನ ಬಿಲ್ಲೆ ಜೇಬಿಗೆ ಹಾಕಿಕೊಂಡು ಅಂಗಡಿ ಅಂಗಡಿ ಹತ್ತುತ್ತಾನೆ: "ನಿಮ್ಮ ಗಾಜಿಗೆ ನಾಲ್ಕು ಗೆರೆ ಹಾಕಲಾ?" ಹತ್ತರಲ್ಲಿ ಒಂಬತ್ತು ಜನ ಹುಚ್ಚ ಎನ್ನುತ್ತಾರೆ. ಹತ್ತನೆಯವರು ನಾಳೆ ಬಾ ಎನ್ನುತ್ತಾರೆ.

ಹಗ್ಗದಲ್ಲಿ ಈಗ ಇಳಿಯುವುದು ಭಾವಮೈದುನ. ಹೋದ ವಾರ ಮಧ್ಯಾಹ್ನ ಹಲ್ಲಿ ನೆಲಮಾಳಿಗೆಯಿಂದ ಮೇಲೆ ಬಂದು ಕತ್ತೆತ್ತಿದಾಗ, ಮೇಲಿನ ಮೂರು ಮಹಡಿಯಲ್ಲಿ, ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಷ್ಟು ತೆಳ್ಳಗೆ, ಗೆರೆಗಳಿದ್ದವು. ಮೇಲ್ವಿಚಾರಕರು ಆಟದ ಪುಟ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ಮೂರೇ ಮಹಡಿ. ಉಳಿದ ಹನ್ನೊಂದಕ್ಕೆ ಭಾವಮೈದುನನಿಗೆ ಧೈರ್ಯ ಸಾಲಲಿಲ್ಲ, ಅವನಿಗೂ ಹೊಟ್ಟೆಯಿದೆ.

ನಿಮಗೆ ಏನು ಅಡ್ಡಿ? ನಿಮ್ಮ ಕಿಟಕಿ ತೊಳೆಯಲು ಹಗ್ಗ ಬೇಡ, ನಿಮ್ಮ ಮೇಲೆ ಮೇಲ್ವಿಚಾರಕರಿಲ್ಲ. ನಿಮ್ಮ ಗಾಜಿನಲ್ಲಿ ಮರ ಕಾಣುತ್ತಿದ್ದರೆ ಆ ಗಾಜಿನ ಬುಡದಲ್ಲಿ ಹಕ್ಕಿ ಸಾಯುತ್ತಿದೆ, ನೀವು ಏಳುವ ಮೊದಲೇ ಯಾರೋ ಗುಡಿಸುತ್ತಿದ್ದಾರೆ. ಅಯ್ಯೋ ಪಾಪ ಎನ್ನಬೇಡಿ. ಈ ಕಾಗದ ಕೆಳಗಿಡಿ. ಬಚ್ಚಲಿನಿಂದ ಸೋಪು ತನ್ನಿ. ಗಾಜಿನ ಹೊರಬದಿಗೆ, ಒಳಬದಿಗಲ್ಲ, ಮೂರು ಮೂರು ಬೆರಳಿಗೊಂದು ಗೆರೆ ಎಳೆಯಿರಿ, ಮೇಲಿನಿಂದ ಕೆಳಗಿನವರೆಗೆ. ಮಳೆಗೆ ಹೋದರೆ ಮತ್ತೆ ಎಳೆಯಿರಿ. ಏಳಿ.