ಎಲೆಗೆ ಎರಡೂ ಕೈ ಕೊಟ್ಟವನು

ಆಗ ನನಗೆ ಹತ್ತೊಂಬತ್ತು ವರ್ಷ. ಈ ಮಾತಿಗೆ ಐವತ್ತೆಂಟು ವರ್ಷವಾಯಿತು. ಹಣೆಯ ಮೇಲಿನ ಗಾಯದ ಕಲೆ ಇನ್ನೂ ಇದೆ. ದಿನಾ ವಿಭೂತಿ ಹಚ್ಚುವಾಗ ಆ ತಗ್ಗು ಬೆರಳಿಗೆ ಸಿಗುತ್ತದೆ. ಹಾಗಾಗಿ ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ.

ನನ್ನ ಗಂಡ ಖಾನಾಪುರದಿಂದ ಬೆಳಗಾವಿಗೆ ಮೋಟಾರು ಓಡಿಸುತ್ತಿದ್ದ. ಮೋಟಾರು ನಮ್ಮೂರ ಸಾವಕಾರನದು. ಹದಿನಾಲ್ಕು ಮಂದಿ ಕೂಡಲಿಕ್ಕೆ ಮಾಡಿದ ಮೋಟಾರಿನಲ್ಲಿ ಇಪ್ಪತ್ತು ಮಂದಿ ಕೂಡುತ್ತಿದ್ದರು. ಅದನ್ನು ಚಾಲು ಮಾಡಬೇಕಾದರೆ ಮೂತಿಯ ಕೆಳಗೆ ಕಬ್ಬಿಣದ ಹ್ಯಾಂಡಲ್ಲು ತೂರಿಸಿ ಗರಗರ ತಿರುವಬೇಕು. ಆ ಹ್ಯಾಂಡಲ್ಲು ಯಾರ ಕೈಯಲ್ಲಿದೆಯೋ ಅವನೇ ಡ್ರೈವರ. ನನ್ನ ಗಂಡ ಸಂಜೆ ಅದನ್ನು ಮನೆಗೆ ತಂದು ದೇವರ ಜಗುಲಿಯ ಬಾಜೂ ಗೂಟಕ್ಕೆ ತೂಗುಹಾಕುತ್ತಿದ್ದ. ನನ್ನ ಅತ್ತೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ನನಗೆ ಮಾತ್ರ ಒಂದು ದಿನವೂ ಉಂಡೆಯಾ ಎಂದು ಕೇಳಿದವಳಲ್ಲ.

ವಾರಕ್ಕೊಮ್ಮೆ ಬೆಣ್ಣೆಯ ಗಡಿಗೆ ಹಿಡಿದು ನಾನೂ ಅದೇ ಮೋಟಾರಿನಲ್ಲಿ ಬೆಳಗಾವಿಗೆ ಹೋಗಿಬರುತ್ತಿದ್ದೆ. ಹಿಂದಿನ ಹಲಗೆಯ ಮೇಲೆ ಕುಳಿತು ಅವನು ಓಡಿಸುವುದನ್ನು ನೋಡುತ್ತಿದ್ದೆ. ಓಡಿಸುವುದೇನು ಬಂತು, ಮೆರವಣಿಗೆ ಹೊರಟವನ ಹಾಗೆ ಕೂಡುತ್ತಿದ್ದ. ದಾರಿಯಲ್ಲಿ ಗುರುತಿನವರು ಕಂಡರೆ ಸ್ಟೇರಿಂಗು ಬಿಟ್ಟು ಎರಡೂ ಕೈ ಜೋಡಿಸಿ ಶರಣು ಅನ್ನುತ್ತಿದ್ದ. ಹಿಂದೆ ಯಾರಾದರೂ ನಕ್ಕರೆ ಏನಾಯಿತೆಂದು ಗೋಣು ತಿರುಗಿಸಿ ಪೂರಾ ಕಥೆ ಕೇಳುತ್ತಿದ್ದ. ಮೋಟಾರು ತಾನೇ ಹೋಗುತ್ತಿತ್ತು. ಎತ್ತಿನ ಗಾಡಿ ಹೊಡೆದು ಬಂದವನು. ಎತ್ತುಗಳಿಗೆ ದಾರಿ ಗೊತ್ತಿರುತ್ತದೆ, ಗಾಡಿಯವ ಮಲಗಿದರೂ ಮನೆ ಮುಟ್ಟುತ್ತಾನೆ. ಮೋಟಾರಿಗೆ ಕಣ್ಣಿಲ್ಲ ಎನ್ನುವುದು ಅವನ ತಲೆಗೆ ಇಳಿದಿರಲೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಎಲೆ. ಡ್ರೈವರನ ಎಡಕ್ಕೆ ಮುಂದಿನ ಸೀಟು, ಅಲ್ಲಿ ಕೂಡುವವರು ದೊಡ್ಡವರು. ಅವರು ಎಲೆಅಡಿಕೆಯ ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಅವನ ಮುಂದೆ ಚಾಚುತ್ತಿದ್ದರು. ಒಲ್ಲೆ ಅಂದರೆ ಅವಮಾನ. ಎಲೆ ಬರುವುದು ಎಡಗಡೆಯಿಂದ, ಆದರೆ ದೊಡ್ಡವರ ಎಲೆಯನ್ನು ಎಡಗೈಯಲ್ಲಿ ಹೇಗೆ ಹಿಡಿಯುವುದು? ಬಲಗೈ ಒಂದನ್ನೇ ಚಾಚಿದರೆ ಸೊಕ್ಕು. ಆದ್ದರಿಂದ ಎರಡೂ ಕೈ ಬೊಗಸೆ ಮಾಡಿ, ತಲೆ ಬಾಗಿಸಿ ತೆಗೆದುಕೊಳ್ಳುತ್ತಿದ್ದ. ತಲೆ ಬಾಗಿಸಿದರೆ ರಸ್ತೆ ಎಲ್ಲಿ ಕಾಣಬೇಕು?

ಮನೆಯಲ್ಲಿ ಎರಡು ಸಲ ಹೇಳಿದ್ದೆ. "ನೀ ಬೆಣ್ಣಿ ಕಾಸೂದು ನೋಡು, ಮೋಟಾರ ನಾ ನೋಡತೀನಿ" ಅಂದಿದ್ದ.

ಅವನ ಮೇಲೆ ನನಗೆ ಮಾಯೆ ಮಮತೆ ಉಕ್ಕುತ್ತಿತ್ತು ಅಂತಲ್ಲ. ಅವನು ಸತ್ತರೆ ಆ ಮನೆಯಲ್ಲಿ ಆ ಅತ್ತೆಯ ಜೊತೆ ನಾನೊಬ್ಬಳೇ ಉಳಿಯಬೇಕಿತ್ತು. ಅವನು ಬದುಕಿರಬೇಕಾಗಿತ್ತು, ಅಷ್ಟೇ. ವಾರಕ್ಕೊಮ್ಮೆ ಹಿಂದಿನ ಹಲಗೆಯ ಮೇಲೆ ಕೂಡುವ ನಾನೂ ಬದುಕಿರಬೇಕಾಗಿತ್ತು.

ಆ ದಿನ ಬೆಳಗಾವಿಯಿಂದ ತಿರುಗಿ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ಖುದ್ದು ಸಾವಕಾರನೇ ಕುಳಿತಿದ್ದ. ನನ್ನ ಬಾಜೂ ಒಬ್ಬ ಬಳೆಗಾರ, ತೊಡೆಯ ಮೇಲೆ ಹೊಸ ಬಳೆಗಳ ಬುಟ್ಟಿ. ಪೀರನವಾಡಿ ದಾಟುವ ತನಕ ಸಾವಕಾರ ಒಂದೇ ಮಾತು ಹೇಳುತ್ತಿದ್ದ.

"ನೋಡಪಾ, ಮೋಟಾರಿಗೆ ಒಂದು ಗೀರು ಬಿತ್ತಂದ್ರ ಹ್ಯಾಂಡ್ಲ ಕಸಗೊಂಡು ಬ್ಯಾರೇದವಗ ಕೊಡತೀನಿ. ಹತ್ತು ಮಂದಿ ಕೇಳಾಕತ್ಯಾರ."

"ಗೀರು ಹೆಂಗ ಬೀಳತೈತ್ರೀ ಧಣ್ಯಾರ, ನನ್ನ ಕೈಯಾಗ" ಅಂದ ನನ್ನ ಗಂಡ.

ಗಣೇಬೈಲಿನ ಹತ್ತಿರ ಇಳಿಜಾರು ಬಂತು. ಸಾವಕಾರ ಚಂಚಿ ಬಿಚ್ಚಿದ. ಅವನ ಕೈ ಸುಣ್ಣದ ಡಬ್ಬಿಗೆ ಹೋದಾಗಲೇ ನಾನು ಖಾಲಿ ಗಡಿಗೆಯನ್ನು ಅವಚಿಕೊಂಡೆ. ಎಲೆ ಮಡಿಚಿದ. "ಹಂ, ತಗೋ" ಅಂದ. ನನ್ನ ಗಂಡನ ಎರಡೂ ಕೈ ಮೇಲೆದ್ದವು. ತಲೆ ಬಾಗಿತು. ರಸ್ತೆ ಬಲಕ್ಕೆ ಹೊರಳಿತು, ಮೋಟಾರು ಹೊರಳಲಿಲ್ಲ.

"ರೀ! ರಸ್ತಾ ನೋಡ್ರೀ!" ಎಂದು ಒದರಿದೆ.

ಅಷ್ಟರಲ್ಲಿ ಒಂದು ಗಾಲಿ ತಗ್ಗಿಗೆ ಇಳಿದಿತ್ತು. ಮೋಟಾರು ಮಾವಿನ ಮರಕ್ಕೆ ಹಾಯಿತು. ನನ್ನ ಹಣೆ ಎದುರಿನ ಹಲಗೆಯ ಕಬ್ಬಿಣಕ್ಕೆ ಬಡಿಯಿತು. ಬಳೆಯ ಬುಟ್ಟಿ ಎಲ್ಲಿ ಹಾರಿತೋ, ನನ್ನ ಸೀರೆಯ ತುಂಬ ಹಸಿರು ಗಾಜಿನ ಚೂರು.

ಯಾರೂ ಸಾಯಲಿಲ್ಲ. ಮೋಟಾರಿನ ಒಂದು ದೀಪ ಒಡೆದಿತ್ತು, ಮಡ್‌ಗಾರ್ಡು ಒಣಗಿದ ಎಲೆಯ ಹಾಗೆ ಮುದುಡಿತ್ತು. ಸಾವಕಾರ ಗೋಣು ಹಿಡಿದುಕೊಂಡು ಕೆಳಗಿಳಿದ. ಅವನ ಎಲೆ ಸೀಟಿನ ಮೇಲೆ ಮಡಿಕೆ ಬಿಚ್ಚದೆ ಬಿದ್ದಿತ್ತು.

"ಯಾಕ ಕೈ ಬಿಟ್ಟಿ ಮಗನ?" ಎಂದು ಸಾವಕಾರ ಗದರಿಸಿದ. "ಹೇಳು! ಯಾಕ ಬಿಟ್ಟಿ?"

ನನ್ನ ಗಂಡ ಸಾವಕಾರನ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಹಣೆಯ ರಕ್ತ ಮೂಗಿನ ಮೇಲಿಂದ ಇಳಿಯುತ್ತಿತ್ತು.

"ಇಕಿ ಹಿಂದಿಂದ ಒದರಿದ್ಲರೀ ಧಣ್ಯಾರ. ಬೆಚ್ಚಿಬಿದ್ದು ಕೈ ಬಿಟ್ಟೆ" ಅಂದ.

ಸಾವಕಾರನಿಗೆ ಎಲೆ ಕೊಟ್ಟದ್ದು ತಾನೇ ಎಂಬುದು ಗೊತ್ತಿತ್ತು. ಅವನಿಗೂ ಈ ಮಾತೇ ಬೇಕಾಗಿತ್ತು. "ಹೆಂಗಸರನ್ನ ಹಿಂದ ಕುಂದರಿಸಿದ್ರೂ ಬಾಯಿ ಮುಂದ ಬರತೈತಿ ನೋಡು" ಅಂದ. ಉಳಿದವರು ನಕ್ಕರು. ಮರಕ್ಕೆ ಹಾಯ್ದ ಮೋಟಾರಿನ ಮುಂದೆ ನಿಂತು, ಸಾವು ತಪ್ಪಿಸಿಕೊಂಡವರು ನಕ್ಕರು.

ನಾನು ಬಳೆಗಾರನ ಕಡೆ ತಿರುಗಿದೆ. "ಕಾಕಾ, ನೀವು ನೋಡೀರಿ. ಹೇಳ್ರಿ."

ಅವನು ಚೂರು ಆರಿಸುತ್ತ, "ನಾ ಬುಟ್ಟಿ ನೋಡಾಕತ್ತಿದ್ದೆ ತಂಗಿ" ಅಂದ. ಸುಳ್ಳು. ಎಲೆ ಚಾಚಿದಾಗ ಅವನೂ ನನ್ನ ಹಾಗೆ ಬುಟ್ಟಿ ಗಟ್ಟಿಯಾಗಿ ಅವಚಿದ್ದ.

"ಇನ್ನ ಮ್ಯಾಲೆ ಇಕಿ ನನ್ನ ಮೋಟಾರ ಹತ್ತಬಾರದು" ಎಂದು ಸಾವಕಾರ ತೀರ್ಪು ಕೊಟ್ಟ. "ನಿಂದೇನೂ ತಪ್ಪಿಲ್ಲಪಾ. ಹ್ಯಾಂಡ್ಲ ನಿನ್ನ ಹತ್ರನ ಇರಲಿ."

ಹುಲ್ಲಿನ ಗಾಡಿಯವನೊಬ್ಬ ತನ್ನ ಎತ್ತು ಬಿಚ್ಚಿ, ಹಗ್ಗ ಕಟ್ಟಿ ಮೋಟಾರನ್ನು ತಗ್ಗಿನಿಂದ ಎಳೆದ. "ಸಾವಕಾರ್ರ, ಇದಕ್ಕೂ ಒಂದೀಟು ಹುಲ್ಲ ಹಾಕ್ಲೇನ್ರಿ?" ಎಂದು ಕೇಳಿದ. ಆ ದಿನ ನನಗೆ ಹಿಡಿಸಿದ ಮನುಷ್ಯ ಅವನೊಬ್ಬನೇ. ಮೋಟಾರು ಮತ್ತೆ ಚಾಲು ಆಗಿ ಉಳಿದವರನ್ನು ಹತ್ತಿಸಿಕೊಂಡು ಹೋಯಿತು, ನಾನು ಅವನ ಗಾಡಿಯಲ್ಲೇ ಊರಿಗೆ ಬಂದೆ.

ಮನೆಗೆ ಬಂದಾಗ ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಬಂದ್ಲು ಬಾಯಿಬಡಕಿ. ನನ್ನ ಮಗನ ಅನ್ನದಾಗ ಮಣ್ಣ ಹಾಕಾಕ ನಿಂತಿದ್ದಿ. ಗಂಡಸು ಗಾಡಿ ಹೊಡಿಯೂಮುಂದ ಒದರೂದೇನ?"

"ಒದರದಿದ್ರ ನಿಮ್ಮ ಮಗನ್ನ ಗಾಡಿ ಮ್ಯಾಲೆ ಹಾಕ್ಕೊಂಡು ತರತಿದ್ರು" ಅಂದೆ.

"ಅಯ್ಯ ಅಯ್ಯ, ನಾಲಿಗಿ ನೋಡ್ರಿ ಇಕೀದು!"

ಹಣೆಗೆ ಅರಿಸಿನ ಒತ್ತಿಕೊಂಡು ರೊಟ್ಟಿ ಬಡಿದೆ. ಅವನು ಉಂಡ. ಹ್ಯಾಂಡಲ್ಲು ಗೂಟದ ಮೇಲಿತ್ತು. ಅದರ ಕಡೆ ನೋಡುತ್ತ ಅಂದ:

"ಒಂದು ಮಾತು ನಿನ್ನ ಮ್ಯಾಲೆ ಹಾಕಿದ್ರ ನಿನ್ನ ಗಂಟೇನ ಹೋತು? ಕೆಲಸ ಉಳೀತಲ್ಲ."

"ನಾಳೆ ಮತ್ತ ಎಲಿ ಕೊಟ್ರ ಏನ ಮಾಡತೀರಿ?"

"ಕೊಟ್ರ ತಗೋಬೇಕು. ದೊಡ್ಡವರ ಎಲಿ ಒಲ್ಲೆ ಅನ್ನಾಕ ಬರತೈತೇನ?"

"ಹಂಗಾರ ಬಾಯಿಲೆ ತಗೋರಿ. ಎಮ್ಮಿ ತಗೊಂಡಂಗ."

ಗಂಗಾಳ ಸರಿಸಿ ಎದ್ದುಹೋದ. ಹೊಡೆಯಲಿಲ್ಲ, ಅಷ್ಟು ಒಳ್ಳೆಯ ಗುಣ ಇತ್ತು. ಆದರೆ ಅವನು ನಾಳೆಯೂ ಕೈ ಬಿಡುತ್ತಾನೆ, ನಾಡಿದ್ದೂ ಬಿಡುತ್ತಾನೆ ಎಂಬುದು ನನಗೆ ಖಾತ್ರಿಯಾಯಿತು. ತಪ್ಪು ನನ್ನ ಒದರಾಟದ್ದು ಎಂದಾದ ಮೇಲೆ ಎಲೆ ನಿಲ್ಲಿಸುವವರು ಯಾರು? ನಾನು ಮೋಟಾರಿನಲ್ಲಿ ಇಲ್ಲವೆಂದರೆ ಇನ್ನು ಒದರುವವರೂ ಇಲ್ಲ. ಮುಂದಿನ ಮರಕ್ಕೆ ಸೀದಾ ಹೋಗಬಹುದು.

ಮರುದಿನ ಮುಂಜಾನೆ ಅವನು ಜಳಕಕ್ಕೆ ಕುಳಿತಾಗ ಹ್ಯಾಂಡಲ್ಲು ಗೂಟದಿಂದ ತೆಗೆದೆ. ಸೆರಗಿನಲ್ಲಿ ಮುಚ್ಚಲಿಲ್ಲ. ಹೆಗಲ ಮೇಲೆ ಇಟ್ಟುಕೊಂಡು ಓಣಿಯ ನಡುವೆ ನಡೆದು, ಮೋಟಾರು ನಿಲ್ಲುವ ಅರಳಿಮರದ ಕೆಳಗೆ ಹೋದೆ. ಮಂದಿ ಆಗಲೇ ಹತ್ತಿ ಕುಳಿತಿದ್ದರು. ಗೋಣು ಉಳುಕಿ ಸಾವಕಾರ ಮನೆಯಲ್ಲಿ ಮಲಗಿದ್ದ, ಮುಂದಿನ ಸೀಟು ಖಾಲಿ ಇತ್ತು. ನಾನು ಅಲ್ಲಿ ಕುಳಿತೆ. ಹೆಂಗಸು ಅಲ್ಲಿ ಕುಳಿತದ್ದನ್ನು ಆ ಊರು ಅದೇ ಮೊದಲು ಕಂಡಿರಬೇಕು.

ನನ್ನ ಗಂಡ ತಲೆಯ ನೀರೂ ಆರದೆ ಓಡಿಬಂದ.

"ಹ್ಯಾಂಡ್ಲ ಕೊಡು. ಇಳಿ ಕೆಳಗ."

"ನಿನ್ನೆ ಯಾಕ ಕೈ ಬಿಟ್ಟಿರಿ? ಮಂದಿ ಮುಂದ ಹೇಳ್ರಿ. ಕೊಡತೀನಿ."

"ಮರ್ಯಾದಿ ಕಳೀಬ್ಯಾಡ. ಕೊಡು."

"ನಂದು ನಿನ್ನೆ ಹೋತು. ಹೇಳ್ರಿ."

ಕೈ ಹಾಕಿ ಕಸಿದುಕೊಳ್ಳಲು ಬಂದ. ಹ್ಯಾಂಡಲ್ಲು ಎತ್ತಿ ಹಿಡಿದೆ. ಹಿಂದೆ ಸರಿದ. ಬಿಸಿಲು ಏರಿತು. ಬೆಳಗಾವಿಯ ಕೋರ್ಟಿಗೆ ಹೊರಟವನೊಬ್ಬ ನನ್ನ ಬೆನ್ನ ಹಿಂದೆಯೇ ಚಂಚಿ ಬಿಚ್ಚಿಕೊಂಡು ಕುಳಿತಿದ್ದ. "ಏ ಡ್ರೈವರಾ, ಏನೈತಿ ಅದನ್ನ ಹೇಳಿ ನಡಿಯಪಾ! ಕೋರ್ಟಿನಾಗ ನನ್ನ ಹೆಸರ ಕೂಗೂ ಹೊತ್ತಾತು" ಎಂದು ಚೀರಿದ. ಬಳೆಗಾರನೂ ಇದ್ದ, ಖಾಲಿ ಬುಟ್ಟಿ ಹಿಡಿದುಕೊಂಡು. "ಖರೇ ಹೇಳಿಬಿಡಪಾ" ಅಂದ. ನಿನ್ನೆ ಬಾಯಿಗೆ ಬೀಗ ಹಾಕಿಕೊಂಡವನಿಗೆ ಇವತ್ತು ಬಾಯಿ ಬಂದಿತ್ತು. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಗಂಡ ನೆಲ ನೋಡುತ್ತ ಅಂದ: "ಎಲಿ ತಗೊಳ್ಳಾಕ ಬಿಟ್ಟೆ."

"ಹಿಂದ ಕುಂತವರಿಗೆ ಕೇಳಲಿಲ್ಲ" ಅಂದೆ.

"ಎಲಿ ತಗೊಳ್ಳಾಕ! ಎರಡೂ ಕೈ ಬಿಟ್ಟೆ! ಇಕಿ ಒದರಿದ್ದು ಆಮ್ಯಾಲೆ! ಸಾಕಾತೇನ?"

ಯಾರೂ ನಗಲಿಲ್ಲ. ಇಪ್ಪತ್ತು ಮಂದಿ ಅವನ ಎರಡು ಕೈಗಳ ಕಡೆ ನೋಡಿದರು. ಇನ್ನು ಹದಿನಾರು ಮೈಲಿ ಆ ಕೈಗಳ ಮೇಲೆ ಅವರ ಜೀವ. ಕೋರ್ಟಿನವನು ಸುಣ್ಣ ಸವರಿದ್ದ ಎಲೆಯನ್ನು ತನ್ನ ಬಾಯಿಗೇ ಹಾಕಿಕೊಂಡು, ಚಂಚಿಯ ದಾರ ಬಿಗಿದು ಕಿಸೆಯಲ್ಲಿ ಇಟ್ಟುಕೊಂಡ.

ನಾನು ಕೆಳಗಿಳಿದೆ. ಅವನು ಎರಡೂ ಕೈ ಚಾಚಿದ. ಹ್ಯಾಂಡಲ್ಲು ಅವುಗಳಲ್ಲಿ ಹಾಕಿ, ಎಮ್ಮೆ ಹಿಂಡಲು ಮನೆಗೆ ಹೋದೆ.