ಹೊಲಿಗೆ ಬಿಟ್ಟು ಮೇಷ್ಟ್ರುಗಳಿಗೆ ಮೇಷ್ಟ್ರಾದ ತಾಹಿರಾ

ತಾಹಿರಾ ಅವರ ಬಗ್ಗೆ ಬರೆಯಬೇಕು. ಯಾಕೆಂದರೆ ತುಂಬಿದ ಕ್ಲಾಸಿನಲ್ಲಿ ತಪ್ಪು ಮಾಡಿ, ಅದನ್ನೇ ಪಾಠ ಮಾಡಿದ ಬೇರೆ ಯಾರನ್ನೂ ನಾನು ನೋಡಿಲ್ಲ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆದರೂ ಬರೆಯುತ್ತೇನೆ.

ಮೂಡಿಗೆರೆಯ ಒಂದು ತರಬೇತಿ ಕೇಂದ್ರದಲ್ಲಿ ನಾನು ವೆಲ್ಡಿಂಗ್ ಕಲಿಸುತ್ತೇನೆ. ಓದಿದ್ದು ಏಳನೇ ಕ್ಲಾಸು, ಕೆಲಸ ಕಲಿತದ್ದು ಗ್ಯಾರೇಜಿನಲ್ಲಿ. ಗೆಳೆಯ ಸುರೇಂದ್ರ ವೈರಿಂಗ್ ಕಲಿಸುತ್ತಾನೆ. ತಾಹಿರಾ ಕೊಟ್ಟಿಗೆಹಾರದಿಂದ ಬಂದು ಹೊಲಿಗೆ ಕಲಿಸುತ್ತಿದ್ದರು. ಹೊಲಿಗೆಗೆ ಸೇರುವವರು ಕಡಿಮೆಯಾಗಿ ಆ ಕ್ಲಾಸು ಮುಚ್ಚುವುದೆಂದಾಯಿತು.

ಅದೇ ಹೊತ್ತಿಗೆ ಮೇಷ್ಟ್ರುಗಳಾದ ನಮಗೇ ಡೇಟಾ ಸೈನ್ಸ್ ತರಬೇತಿ ಇಟ್ಟರು. ಅಂಕಿ ತರುವುದು, ಕಂಪ್ಯೂಟರಿಗೆ ಹಾಕುವುದು, ಮುಂದೇನಾಗಬಹುದು ಎಂದು ನೋಡುವುದು. ಕೊನೆಗೆ ಒಬ್ಬೊಬ್ಬರೂ ಸುತ್ತಲಿನ ಎಸ್ಟೇಟುಗಳ ಮಳೆಯ ಅಂಕಿ ತಂದು ಒಂದು ಪಾಠ ಮಾಡಿ ತೋರಿಸಬೇಕು. ಚೆನ್ನಾಗಿ ಮಾಡಿದ ಒಬ್ಬರಿಗೆ ಬೇರೆ ಊರಿನ ಮೇಷ್ಟ್ರುಗಳಿಗೆ ಕಲಿಸುವ ಕೆಲಸ. ಸುರೇಂದ್ರನಿಗೂ ನನಗೂ ಆ ಮರ್ಯಾದೆಯ ಆಸೆ. ತಾಹಿರಾ ಅವರಿಗೆ ಅದು ಸಿಗದಿದ್ದರೆ ಕೆಲಸವೇ ಇಲ್ಲ.

ಅವರು ಬೇಗ ಕಲಿತರು. ನಾನು ಮೌಸ್ ಹಿಡಿದು ಬೆವರುವಾಗ ಅವರ ಸ್ಕ್ರೀನಿನಲ್ಲಿ ಬಣ್ಣದ ಕಂಬಗಳು ಎದ್ದು ನಿಂತಿರುತ್ತಿದ್ದವು. ನಮಗೆ ಕಲಿಸಲು ಬಂದ ಪವಿತ್ರಾ ಮೇಡಂ ತಾಹಿರಾ ಪಕ್ಕದಲ್ಲೇ ನಿಲ್ಲುತ್ತಿದ್ದರು. ನನ್ನ ಹತ್ತಿರ ಬಂದರೆ, "ನಿಮ್ಮದಕ್ಕೆ ಕರೆಂಟ್ ಇದೆ ತಾನೆ?" ಅನ್ನುತ್ತಿದ್ದರು.

"ಮಿಷನ್ ತುಳ್ದವ್ರಿಗೆ ಇದೆಲ್ಲ ಸಲೀಸು ಮಾರಾಯ," ಅಂದ ಸುರೇಂದ್ರ. "ನಮ್ದು ಶಾಕ್ ಹೊಡ್ಸ್ಕೊಂಡ ಕೈ."

ಪಾಠದ ದಿನ ತಾಹಿರಾ ಎರಡು ಎಸ್ಟೇಟಿನ ಹೂಮಳೆಯ ಅಂಕಿ ತಂದಿದ್ದರು. ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ ಅದು. ನಮ್ಮಲ್ಲಿ ಮಳೆ ಹೇಳುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಫೋನಿನಲ್ಲಿ ಹೇಳಿದ ಒಂದು ಇಂಚು ಎಂಟು ಸೆಂಟನ್ನು ಅವರು 1.8 ಎಂದು ಹಾಕಿದ್ದರು. ಇನ್ನೊಂದು ಎಸ್ಟೇಟಿನ ಒಂದು ಇಂಚು ಇಪ್ಪತ್ತು ಸೆಂಟು 1.20 ಆಗಿತ್ತು. ಸ್ಕ್ರೀನಿನಲ್ಲಿ ಮೊದಲನೆಯದರ ಕಂಬ ಎತ್ತರ, ಎರಡನೆಯದರದು ಗಿಡ್ಡ.

ಸುರೇಂದ್ರ ಎದ್ದ. "ಅಲ್ಲ ತಾಹಿರಾ ಮೇಡಂ, ಎಂಟು ಸೆಂಟಿನವ್ರಿಗೆ ತೆಂಗಿನ ಮರ, ಇಪ್ಪತ್ತು ಸೆಂಟಿನವ್ರಿಗೆ ಮೋಟು ಗೂಟ. ನಿಮ್ಮೂರಲ್ಲಿ ಇಪ್ಪತ್ತಕ್ಕಿಂತ ಎಂಟು ದೊಡ್ಡದಾ?"

ಕ್ಲಾಸು ನಕ್ಕಿತು. ನಾನೂ ನಕ್ಕೆ. ಇವರ ಕಥೆ ಮುಗಿಯಿತು ಅಂದುಕೊಂಡೆ.

ಅವರು ಸ್ಕ್ರೀನ್ ಆರಿಸಲಿಲ್ಲ. "ತಪ್ಪು ನಂದೇ ಸುರೇಂದ್ರಣ್ಣ. ಹೊಲ್ದಿದ್ದು ಬಿಚ್ಚಬೇಕು. ಎಲ್ಲಿಂದ ಬಿಚ್ಚೋದು, ನೀವೇ ಬಂದು ತೋರ್ಸಿ."

ಅವನು ಬೋರ್ಡಿಗೆ ಹೋಗಿ 1.08 ಎಂದು ಬರೆದ. ಜಂಬದಿಂದ ತಿರುಗಿದ.

"ಸರಿ. ಈಗ ಎಲ್ರೂ ನಿಮ್ನಿಮ್ಮ ಅಂಕಿ ನೋಡ್ಕೊಳ್ಳಿ," ಅಂದರು ತಾಹಿರಾ.

ನೋಡಿದೆವು. ನನ್ನದರಲ್ಲೂ ಅದೇ ತಪ್ಪು. ಸುರೇಂದ್ರನದರಲ್ಲಿ ಇನ್ನೂ ಹೆಚ್ಚು. ಎಲ್ಲರೂ ತಿದ್ದತೊಡಗಿದರು. ತಾಹಿರಾ ಬೆಂಚಿನಿಂದ ಬೆಂಚಿಗೆ ಹೋಗಿ ತಿದ್ದಿಸಿದರು.

"ಹಾಕೋ ಮುಂಚೆ ಅಂಕಿ ನೋಡಿ ಅಂತ ದಿನಾ ಹೇಳ್ದೆ, ಯಾರೂ ಕೇಳ್ಲಿಲ್ಲ," ಅಂದರು ಪವಿತ್ರಾ ಮೇಡಂ. "ಇವತ್ತು ಕೇಳಿದ್ರಿ." ಕೆಲಸ ತಾಹಿರಾ ಅವರಿಗೇ ಆಯಿತು.

"ಅವ್ರಿಗೆ ಈ ಕೆಲ್ಸ ನಾನೇ ಕೊಡ್ಸಿದ್ದಲ್ವಾ," ಅಂದ ಸುರೇಂದ್ರ ಹೊರಗೆ ಬಂದು.

"ಇನ್ನೊಂದ್ ತಪ್ಪು ಹುಡ್ಕು ಮಾರಾಯ, ಪ್ರಿನ್ಸಿಪಾಲ್ರೇ ಆಗ್ತಾರೆ," ಅಂದೆ.

ಈಗ ಅವರು ಆಲ್ದೂರಿನಲ್ಲೂ ಗೋಣಿಬೀಡಿನಲ್ಲೂ ಕಲಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೆ ಸ್ಕ್ರೀನ್ ಆರಿಸಿ ಟೀ ಕುಡಿಯಲು ಹೋಗುತ್ತಿದ್ದೆ. ಅದು ಗೊತ್ತಿರುವುದರಿಂದಲೇ ಹೊಟ್ಟೆ ಇನ್ನೂ ಉರಿಯುತ್ತದೆ. ಗೋಣಿಬೀಡಿನ ಕಡೆ ಹೋದರೆ ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಅವರನ್ನು ಮಾತಾಡಿಸಿ ಬನ್ನಿ.