ಅಜ್ಜನ ಹೆಗಲ ಮೇಲಿಂದ ಮೊಂಬಾಸಾ

ಊರೆಲ್ಲ ಮ್ಜೇ, ಅಂದರೆ ಹಿರಿಯರು, ಎಂದು ಕರೆಯುವ ಶೆಕುವೆಯವರ ಕೆಮ್ಮಿನ ಬಗ್ಗೆ ಮೊಂಬಾಸಾದ ಹಳೇಪೇಟೆಯಲ್ಲಿ ಎರಡು ಪಕ್ಷಗಳಿವೆ. ಆ ಕೆಮ್ಮಿಗೆ ಬೆಚ್ಚಿ ಕಿಲಿಂಡಿನಿ ಬಂದರಿನ ಹಡಗೊಂದು ಲಂಗರು ಎತ್ತದೆಯೇ ಓಡಿಹೋಯಿತು ಎನ್ನುವುದು ಒಂದು ಪಕ್ಷ. ಹಡಗು ಓಡಿದ್ದೇನೋ ನಿಜ, ಆದರೆ ಲಂಗರು ತಾನಾಗಿಯೇ ಮೇಲೆ ಎದ್ದುಬಂದಿತ್ತು ಎನ್ನುವುದು ಇನ್ನೊಂದು. ಗೋಡೆಯ ಮೇಲೆ ಮಲಗಿದ ಬೆಕ್ಕುಗಳು ಆ ಸದ್ದಿಗೆ ಪಕ್ಕದ ಬೀದಿಗೆ ಹೋಗಿ ಬೀಳುತ್ತಿದ್ದವು ಎಂಬುದನ್ನು ಮಾತ್ರ ಎರಡೂ ಪಕ್ಷದವರು ಒಪ್ಪುತ್ತಾರೆ.

ಅದು ಕಾಯಿಲೆಯ ಕೆಮ್ಮಲ್ಲ. ಯಾರಾದರೂ ಒಂದು ಮಗುವನ್ನೋ ಮೇಕೆಯನ್ನೋ ಹೊಸ ಬಾಗಿಲನ್ನೋ ಹೊಗಳಿ, ಬೆನ್ನಿಗೇ 'ಮಾಶಾ ಅಲ್ಲಾ' ಅನ್ನದೆ ಬಿಟ್ಟರೆ ಸಾಕು, ಮ್ಜೇಯವರ ಗಂಟಲು ಗುಡುಗುತ್ತಿತ್ತು. ದೇವರ ಹೆಸರು ಸೇರದ ಹೊಗಳಿಕೆ ಮುಚ್ಚಳವಿಲ್ಲದ ಪಾತ್ರೆ, ಅದರೊಳಗೆ ಏನಾದರೂ ಬಿದ್ದೇ ಬೀಳುತ್ತದೆ ಎಂದು ಅವರ ವಾದ. ತಪ್ಪಿದವನು ಸರಿಪಡಿಸಿಕೊಳ್ಳುವವರೆಗೂ ಕೆಮ್ಮು ನಿಲ್ಲುತ್ತಿರಲಿಲ್ಲ. ಊರಿನವರಿಗೆ ಇದು ಅಭ್ಯಾಸವಾಗಿತ್ತು. ಅವರ ಎದುರಿಗೆ ಮೀನು ಕೊಳ್ಳುವವರು ಕೂಡ ಮೀನು ದಪ್ಪಗಿದೆ ಅನ್ನುವ ಮೊದಲು ಒಮ್ಮೆ ಆಚೀಚೆ ನೋಡುತ್ತಿದ್ದರು.

ದುಡಿಯುವ ಕಾಲದಲ್ಲಿ ಅವರದು ಬಂದರಿನ ಟಗ್ ದೋಣಿಯಲ್ಲಿ ಹಗ್ಗ ಎಸೆಯುವ ಕೆಲಸ. ಊರಷ್ಟು ದೊಡ್ಡ ಹಡಗುಗಳನ್ನು ಈ ಪುಟ್ಟ ದೋಣಿ ದಡಕ್ಕೆ ಎಳೆದು ತರುತ್ತಿತ್ತು. ಹಡಗಿನ ಮೇಲೆ ನಿಂತವರು ಊರನ್ನು ನೋಡಿ ಬೆರಗಾಗುತ್ತಿದ್ದರು. ಹಗ್ಗ ಹಿಡಿದ ಶೆಕುವೆ ಮಾತ್ರ ಹಡಗಿಗೆ ಮುಖ ಮಾಡಿ, ಊರಿಗೆ ಬೆನ್ನು ಹಾಕಿ ನಿಲ್ಲಬೇಕಾಗಿತ್ತು. ಹೀಗೆ ಒಂದು ಆಯುಷ್ಯ ಬೆನ್ನು ಹಾಕಿದ ಊರನ್ನು ಮೊಮ್ಮಗಳು ಜುವೇರಿಯಾಳಿಗೆ ತಾವೇ ತೋರಿಸಬೇಕೆಂದು ಅವರು ಮಗು ಹುಟ್ಟಿದ ದಿನವೇ ಘೋಷಿಸಿದ್ದರು. ಹೆಂಡತಿ ಬೀ ರುಕಿಯಾ ಆ ದಿನದಿಂದಲೂ ಅದನ್ನು ತಡೆದಿದ್ದರು.

ಮಗುವಿನ ತಾಯಿ ಮಾಲಿಂಡಿಯ ಆಸ್ಪತ್ರೆಯಲ್ಲಿ ನರ್ಸು. ಮಗು ಜ್ವರ ಬಂದು ಎದ್ದಿತ್ತು, ಅಜ್ಜಿಯ ಹತ್ತಿರ ಇತ್ತು. ಜ್ವರ ಹೋಗಿತ್ತು, ಹಸಿವು ಮಾತ್ರ ಜ್ವರದ ಜೊತೆಯಲ್ಲೇ ಹೊರಟುಹೋಗಿತ್ತು. ಕೊನೆಗೆ ಅಜ್ಜಿಯೇ ಸೋತರು.

"ಕರ್ಕೊಂಡು ಹೋಗಿ. ಗಂಜಿ ಎರಡು ಚಮಚ ಒಳಗೆ ಹೋದ್ರೆ ಮೂರು ಚಮಚ ಹೊರಗೆ ಬರ್ತಿದೆ. ಸಮುದ್ರದ ಗಾಳಿ ಕುಡಿಸಿ, ಹಸಿವು ಮಾಡಿಸಿ ತನ್ನಿ. ತೆಂಗಿನಹಾಲಿನ ಅನ್ನ, ಮೀನು ಮಾಡಿಟ್ಟಿರ್ತೀನಿ. ಮಧ್ಯಾಹ್ನ ಬಂದು ತಿಂದಳೋ ಸರಿ. ಇಲ್ಲಾಂದ್ರೆ ಸ್ಕೂಲಿಗೆ ಸೇರೋವರೆಗೂ ಇವಳು ನಿಮ್ಮ ಜೊತೆ ಹೊಸಿಲು ದಾಟಲ್ಲ."

"ನನಗೆ ಮಗು ನೋಡ್ಕೊಳ್ಳೋಕೆ ಹೇಳ್ಕೊಡ್ತೀಯಾ? ಎಂಥೆಂಥಾ ಹಡಗು ಎಳ್ದಿದೀನಿ ನಾನು!"

"ಹಡಗು ಚಡ್ಡಿ ಒದ್ದೆ ಮಾಡ್ಕೊಳ್ಳಲ್ಲ," ಎಂದು ಬೀ ರುಕಿಯಾ ಇನ್ನೊಂದು ಚಡ್ಡಿಯನ್ನು ಅವರ ಜೇಬಿಗೆ ತುರುಕಿದರು.

ಜುವೇರಿಯಾ ಅಜ್ಜನ ಹೆಗಲೇರಿದಳು. ಹಿಡಿದುಕೊಳ್ಳಲು ಅವರ ಕಸೂತಿ ಹಾಕಿದ ಬಿಳಿ ಟೋಪಿ ಇತ್ತು. ಸವಾರಿ ಹೊರಟಿತು.

ಮೊದಲು ಕೋಟೆ. ಮ್ಜೇಯವರು ಕಡಲಿಗೆ ಎದುರಾಗಿ ನಿಂತು ಕೈ ಚಾಚಿದರು. "ನೋಡು ಮಗಳೇ, ಪರದೇಶದವರು ಬಂದು ಕಟ್ಟಿದ ಕೋಟೆ. ಎಷ್ಟು ಯುದ್ಧ! ಎಷ್ಟು ಫಿರಂಗಿ! ಕೊನೆಗೆ ನಮ್ಮವರು ಅವರನ್ನ ಒದ್ದು ಓಡಿಸಿದ್ರು!"

"ಮೇಕೆ," ಎಂದಳು ಜುವೇರಿಯಾ.

ಕೋಟೆಯ ಬುಡದಲ್ಲಿ ಒಂದು ಮೇಕೆ ರಟ್ಟಿನ ಪೆಟ್ಟಿಗೆ ತಿನ್ನುತ್ತಿತ್ತು.

"ಮೇಕೆ ಆಮೇಲೆ. ಫಿರಂಗಿ ನೋಡು."

"ಮೇಕೆ ಮಮ್ಮು."

ಶತಮಾನಗಳ ಯುದ್ಧವನ್ನು ಒಂದು ರಟ್ಟಿನ ಪೆಟ್ಟಿಗೆ ಸೋಲಿಸಿದ್ದಕ್ಕೆ ಮ್ಜೇಯವರಿಗೆ ರೇಗಿತು. ಯಾರ ಮೇಲೆ ತೀರಿಸಿಕೊಳ್ಳುವುದು? ಅಷ್ಟರಲ್ಲಿ ಬಿಸಿ ಎಣ್ಣೆಯ ಮುಂದೆ ಕೂತು ಸಿಹಿ ಬೋಂಡ ಕರಿಯುತ್ತಿದ್ದ ಹಳೆಯ ಪರಿಚಯದ ಹೆಂಗಸು ನಮಸ್ಕಾರ ಹೇಳಿದಳು. ನಮ್ಮ ಕರಾವಳಿಯಲ್ಲಿ ನಮಸ್ಕಾರ ಅಂದರೆ ಕೈಯೆತ್ತಿ ಮುಂದೆ ಹೋಗುವ ವ್ಯವಹಾರವಲ್ಲ. ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ, ರಾತ್ರಿ ನಿದ್ದೆ ಹೇಗಿತ್ತು, ಮೊಣಕಾಲು ಹೇಗಿದೆ, ಆ ಇನ್ನೊಂದು ಮೊಣಕಾಲು ಹೇಗಿದೆ ಎಂದು ಎಲ್ಲವನ್ನೂ ಕೇಳಬೇಕು, ಎಲ್ಲಕ್ಕೂ ಒಳ್ಳೆಯದು ಅನ್ನಬೇಕು. ಕೇಳುವಾಗ ಎದೆಯ ಮೇಲೆ ಕೈ ಇಟ್ಟು ತಲೆ ತಗ್ಗಿಸಬೇಕು. ಮ್ಜೇಯವರು ತಲೆ ತಗ್ಗಿಸಿದರು. ಹೆಂಗಸು ಉತ್ತರ ಕೊಡುತ್ತಲೇ, ಪಾಕದಲ್ಲಿ ಅದ್ದಿದ ಒಂದು ಬೋಂಡವನ್ನು ಎತ್ತಿ ಮಗುವಿನ ಕೈಗೆ ಕೊಟ್ಟಳು. ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮಗುವಿಗೆ ಕೊಟ್ಟದ್ದನ್ನು ಹೇಳಿಕೊಳ್ಳುವವರು ಜಿಪುಣರು ಮಾತ್ರ.

ಸ್ವಲ್ಪ ದೂರ ನಡೆದ ಮೇಲೆ ಟೋಪಿಯಿಂದ ಏನೋ ಅಂಟಂಟು ಕಿವಿಗೆ ಇಳಿಯಿತು. ಮ್ಜೇಯವರು ಆಕಾಶದ ಕಡೆ ಮುಷ್ಟಿ ಎತ್ತಿದರು.

"ಹಾಳು ಕಾಗೆಗಳು! ಹಿರಿಯರು ಕಿರಿಯರು ಅನ್ನೋದೇ ಇಲ್ಲ ಇವಕ್ಕೆ!"

ಮೇಲೆ ಜುವೇರಿಯಾ ಸದ್ದಿಲ್ಲದೆ ಬೆರಳು ನೆಕ್ಕಿಕೊಂಡಳು.

ಆಮೇಲೆ ದೊಡ್ಡ ರಸ್ತೆಯ ಲೋಹದ ಆನೆದಂತಗಳು. ರಸ್ತೆಯ ಮೇಲೆ ಕಮಾನಿನ ಹಾಗೆ ಬಾಗಿ ನಿಂತಿರುವ ಇವುಗಳ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಜುವೇರಿಯಾ ಬಹಳ ಹೊತ್ತು ನೋಡಿದಳು. ಕೊನೆಗೂ ಊರು ಗೆದ್ದಿತು ಎಂದು ಅಜ್ಜ ಎದೆಯುಬ್ಬಿಸಿದರು.

"ಬಾಬೂ, ಆನೆ ಎಲ್ಲಿ?" ಅಜ್ಜ ಅವಳಿಗೆ ಬಾಬೂ.

"ಆನೆ ಇಲ್ಲಮ್ಮ. ಹಲ್ಲು ಮಾತ್ರ."

"ಆನೆ ಹೆಂಗೆ ಮಮ್ಮು ತಿನ್ನುತ್ತೆ?"

ಎಷ್ಟೋ ವರ್ಷದಿಂದ ನಿಂತಿರುವ ದಂತಗಳ ಬಗ್ಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಗೊತ್ತಿಲ್ಲದ ಸಿಟ್ಟಿನಲ್ಲಿ ಮ್ಜೇಯವರು, ದಂತಕ್ಕೆ ಒರಗಿ ನಿಂತಿದ್ದ ಒಬ್ಬನನ್ನು ಮರ್ಯಾದೆ ಕಲಿ ಎಂದು ಗದರಿಸಿದರು. ಪಕ್ಕದಲ್ಲೇ ಬಾವೊಬಾಬ್ ಮರದ ಬೀಜಕ್ಕೆ ಕೆಂಪು ಸಕ್ಕರೆ ಮೆತ್ತಿ ಮಾರುವವನಿದ್ದ. ಅವನ ಮೊಣಕಾಲುಗಳ ಕ್ಷೇಮವನ್ನೂ ವಿಚಾರಿಸಬೇಕಾಯಿತು. ತಲೆ ತಗ್ಗಿತು, ಮೇಲಕ್ಕೆ ಒಂದು ಪೊಟ್ಟಣ ಏರಿತು. ಕೊಬ್ಬರಿ ಮಿಠಾಯಿಯವನ ಹತ್ತಿರವೂ ಹೀಗೆಯೇ ಆಯಿತು, ಎಳನೀರಿನವನ ಹತ್ತಿರವೂ. ಎಳನೀರು ಕತ್ತಿನ ಹಿಂದೆ ಸುರಿದಾಗ ಮ್ಜೇಯವರು ಜೇಬಿನಿಂದ ಇನ್ನೊಂದು ಚಡ್ಡಿ ತೆಗೆದು ಮಗುವಿಗೆ ತೊಡಿಸಿದರು. ಬಿಚ್ಚಿದ ಚಡ್ಡಿ ಒಣಗಿಯೇ ಇತ್ತು. ಅದು ಅವರ ಗಮನಕ್ಕೆ ಬರಲಿಲ್ಲ, ಹೆಂಡತಿಯ ಮಾತು ನಿಜವಾಯಿತಲ್ಲ ಎಂಬ ಉರಿಯಲ್ಲಿ ಅವರಿದ್ದರು.

ಕೊನೆಯ ನೋಟ ಲಿಕೋನಿ ಫೆರಿ. ಜನ, ಸೈಕಲ್ಲು, ಕೈಗಾಡಿ, ಲಾರಿ ಎಲ್ಲವನ್ನೂ ಒಂದೇ ಹೊಟ್ಟೆಗೆ ಹಾಕಿಕೊಂಡು ಕಾಲುವೆ ದಾಟುವ ಆ ದೋಣಿಯ ಮೇಲೆ ನಿಂತು ಮ್ಜೇಯವರು ದೂರದ ಬಂದರಿನ ಕ್ರೇನುಗಳನ್ನು ತೋರಿಸಿದರು. "ಅಲ್ಲೇ ಕಣೇ, ನಿನ್ನ ಅಜ್ಜ ಹಡಗು ಎಳೀತಿದ್ದಿದ್ದು!" ಮಗು ಆಕಳಿಸಿತು.

ಆಗ ಹಿಂದಿನಿಂದ ಒಂದು ಧ್ವನಿ ಬಂತು. "ಅಬ್ಬಬ್ಬಾ ಮ್ಜೇ, ಏನು ಮಗು ಇದು! ಕೆನ್ನೆ ನೋಡಿ, ಬನ್ನು! ಇಷ್ಟು ಚೆನ್ನಾಗಿ ತಿನ್ನೋ ಮಗೂನ ನಾನು ನೋಡೇ ಇಲ್ಲ!"

ಹಳದಿ ಹೂವಿನ ಹಾಸಿಗೆಯೊಂದನ್ನು ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತ ಆಳು. ಮಾತಿನ ವರಸೆಯಲ್ಲೇ ಪಶ್ಚಿಮದ ಗುಡ್ಡಗಳ ಕಡೆಯವನು, ಊರಿಗೆ ಹೊಸಬ ಎಂದು ತಿಳಿಯುತ್ತಿತ್ತು. ಮ್ಜೇಯವರು ಕಾದರು. 'ಮಾಶಾ ಅಲ್ಲಾ' ಬರಲಿಲ್ಲ. ಕೆಮ್ಮಿದರು.

"ಕೆಮ್ಮಿಗೆ ಶುಂಠಿ ಒಳ್ಳೇದು ಮ್ಜೇ," ಎಂದ ಅವನು ಕನಿಕರದಿಂದ.

ಮ್ಜೇಯವರು ಕಡಲಹಕ್ಕಿಗಳು ಏಳುವ ಹಾಗೆ ಮತ್ತೆ ಕೆಮ್ಮಿದರು. ಅವನು ಬೆನ್ನು ತಟ್ಟಿದ. ಅಷ್ಟರಲ್ಲಿ ಫೆರಿಯ ಬಾಯಿ ದಡಕ್ಕೆ ತೆರೆಯಿತು, ಜನ ನುಗ್ಗಿದರು, ಹಾಸಿಗೆ ಹಾಯಿ ಬಿಚ್ಚಿದ ದೋಣಿಯಂತೆ ತಲೆಗಳ ಮೇಲೆ ತೇಲಿಹೋಯಿತು.

ಮ್ಜೇಯವರು ದಡಕ್ಕೆ ಧಾವಿಸಿದರು. ಮಗುವನ್ನು ಇಳಿಸಿ, ಒಂದು ಬಾಳೆಹಣ್ಣು ಕೊಂಡು ಸುಲಿದು ಬಾಯಿಗೆ ಹಿಡಿದರು.

"ಬೇಡ."

"ಒಂದೇ ಒಂದು ತುಂಡು, ನನ್ನ ಬಂಗಾರ."

"ಬೇಡ ಬಾಬೂ." ಅವಳು ಮುಖ ತಿರುಗಿಸಿದಳು.

ದೃಷ್ಟಿ! ಅಜ್ಜಿಯ ಅನ್ನ ಒಲೆಯ ಮೇಲೆ ಕಾಯುತ್ತಿರುವ ಹೊತ್ತಿಗೇ, ದೇವರ ಹೆಸರಿಲ್ಲದ ಒಂದು ಬಾಯಿ ಮಗುವಿನ ಹಸಿವನ್ನು ನುಂಗಿಹಾಕಿತ್ತು. ಇದಕ್ಕೆ ಪರಿಹಾರ ಒಂದೇ. ಹೊಗಳಿದ ಬಾಯಿಯೇ ಮುಚ್ಚಳ ಹಾಕಬೇಕು. ಮಗುವನ್ನು ಮತ್ತೆ ಹೆಗಲಿಗೇರಿಸಿ ಮ್ಜೇಯವರು ದಂಡೆತ್ತಿ ಹೊರಟರು.

"ಹಳದಿ ಹಾಸಿಗೆಯವನನ್ನ ನೋಡಿದ್ರಾ?"

"ಏನು ಕದ್ದ ಮ್ಜೇ?" ಎಂದ ಬಾಡಿಗೆ ಬೈಕಿನವನೊಬ್ಬ.

"ನನ್ನ ಮೊಮ್ಮಗಳ ಹಸಿವು ಕದ್ದ!"

"ಅಯ್ಯೋ ಪಾಪಿ! ಆ ಸಂದಿಯಲ್ಲಿ ಹೋದ, ಹಿಡೀರಿ!"

ಈ ಸುದ್ದಿ ಅದೇ ಫೆರಿ ಹತ್ತಿ ಹಳೇಪೇಟೆಯ ಕಡೆ ಹೊರಟಿತು. ಮ್ಜೇಯವರಿಗೆ ಅದು ಗೊತ್ತಿರಲಿಲ್ಲ.

ಹಸಿವಿನ ಕಳ್ಳ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೊಸದಾಗಿ ಹಿಡಿದ ಬಾಡಿಗೆ ಕೋಣೆಯ ಬಾಗಿಲಲ್ಲಿ ಹಾಸಿಗೆ ಸಿಕ್ಕಿಕೊಂಡಿತ್ತು. ಅವನು ಒಳಗೆ, ಹಾಸಿಗೆಯ ಅರ್ಧ ಹೊರಗೆ.

"ಏಯ್! ಹೊರಗೆ ಬಾ! ನಿನ್ನ ಹೆಸರೇನು?"

"ಮಕೋಖಾ. ಬರೋಕಾಗಲ್ಲ ಮ್ಜೇ, ನೀವೇ ನೋಡ್ತಿದೀರಲ್ಲ."

"ಮಗೂನ ಹೊಗಳ್ದೆಯಲ್ಲ, ದೇವರ ಹೆಸರು ಯಾರು ಹೇಳ್ತಾರೆ, ನಿಮ್ಮಪ್ಪನಾ? ನಾನು ಅಲ್ಲಿ ಕರುಳು ಕಿತ್ತು ಬರೋ ಹಾಗೆ ಕೆಮ್ತಿದೀನಿ, ಶುಂಠಿ ತಿನ್ನು ಅಂತೀಯಾ! ಹೇಳು, ಮಾಶಾ ಅಲ್ಲಾ!"

"ಹೇಳ್ತೀನಿ. ಒಂಚೂರು ಆ ತುದಿ ತಳ್ಳಿ, ಪುಣ್ಯ ಬರುತ್ತೆ."

ಮ್ಜೇಯವರು ಹಡಗು ಎಳೆದವರ ಸಿಟ್ಟಿನಲ್ಲಿ ತಳ್ಳಿದರು. ಹಾಸಿಗೆ ಒಳಗೆ ಹೋಯಿತು, ಮಕೋಖಾ ಹೊರಗೆ ಬಂದ. ಎದೆಯ ಮೇಲೆ ಕೈ ಇಟ್ಟು ಮನಸಾರೆ "ಮಾಶಾ ಅಲ್ಲಾ" ಎಂದ. ಸಾಲದೆಂದು ಇನ್ನೊಮ್ಮೆ ಎಂದ. ಮ್ಜೇಯವರು ಕೂಡಲೇ ಬಾಳೆಹಣ್ಣು ಹಿಡಿದರು.

"ಬೇಡ," ಎಂದಳು ಜುವೇರಿಯಾ.

"ನೋಡ್ದೆಯಾ! ಇನ್ನೂ ಗಟ್ಟಿಯಾಗಿ ಹೇಳು!"

"ಮ್ಜೇ," ಎಂದ ಮಕೋಖಾ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ. ಫೆರಿ ಹತ್ತೋವಾಗ್ಲೂ ನಾನು ನಿಮ್ಮ ಹಿಂದೇನೇ ಇದ್ದೆ. ಮಗು ಆಗ ಕೊಬ್ಬರಿ ಮಿಠಾಯಿ ತಿಂತಿತ್ತು. ಅದು ಮುಗೀತಿದ್ದ ಹಾಗೆ ಕೆಂಪಗಿನದೇನೋ ತೆಗೀತು. ಅದಕ್ಕೇ ಅಲ್ವಾ ನಾನು ಹೊಗಳಿದ್ದು! ನಿಮ್ಮ ಟೋಪಿ ತೆಗೆದು ನೋಡಿ."

ಮ್ಜೇಯವರು ಟೋಪಿ ತೆಗೆದರು. ಬೆಳಿಗ್ಗೆ ಹಾಲಿನಂತಿದ್ದ ಟೋಪಿ ಈಗ ಒಂದು ಭೂಪಟವಾಗಿತ್ತು. ಪಾಕದ ಕೊಲ್ಲಿಗಳು, ಕೆಂಪು ಸಕ್ಕರೆಯ ಮರುಭೂಮಿಗಳು, ನಡುನಡುವೆ ಕೊಬ್ಬರಿಯ ದ್ವೀಪಗಳು. ಮಡಿಕೆಯಲ್ಲಿ ಚೀಪಿ ಜೋಪಾನವಾಗಿ ಇಟ್ಟ ಬೀಜಗಳು. ಕಾಗೆಯ ಕುರುಹು ಎಲ್ಲೂ ಇರಲಿಲ್ಲ.

ಹಿಂದಿರುಗುವ ಫೆರಿಯಲ್ಲಿ ಅವರ ಸಿಟ್ಟಿಗೆ ಜಾಗ ಸಾಲಲಿಲ್ಲ. ಎಂಥಾ ಊರು ಇದು! ನೆತ್ತಿಯ ಮೇಲೆ ಮದುವೆ ಊಟ ನಡೆಯುತ್ತಿದ್ದರೆ ಒಬ್ಬನಾದರೂ ಬಾಯಿ ಬಿಡಬಾರದೇ? ಬರೀ ಮೊಣಕಾಲು, ಮೊಣಕಾಲು! ಮೇಲೆ ಜುವೇರಿಯಾ ಅವರ ಬೋಳುತಲೆಗೆ ಕೆನ್ನೆ ಒತ್ತಿ ನಿದ್ದೆಹೋಗಿದ್ದಳು.

ಹಳೇಪೇಟೆಯ ಓಣಿ ತುಂಬಿಹೋಗಿತ್ತು. ಸುದ್ದಿ ದಾರಿಯಲ್ಲಿ ಚೆನ್ನಾಗಿ ಬೆಳೆದಿತ್ತು. ಮಕೋಖಾ ಈಗ ಒಕ್ಕಣ್ಣಿನ ದೈತ್ಯ, ಹಾಸಿಗೆಯೊಳಗೆ ಏನಿತ್ತೋ ದೇವರೇ ಬಲ್ಲ. ಹೆಂಗಸರು ಕೆಂಡದ ಮಡಕೆ, ಉಪ್ಪು, ಒಣಮೆಣಸಿನಕಾಯಿ ಸಿದ್ಧಮಾಡಿ ನಿಂತಿದ್ದರು. ಹೊಸಿಲಿನಲ್ಲಿ ಬೀ ರುಕಿಯಾ, ಕೈಯಲ್ಲಿ ತೆಂಗಿನಹಾಲಿನ ಅನ್ನದ ತಟ್ಟೆ.

ಎಚ್ಚರಗೊಂಡ ಮಗುವಿನ ಬಾಯಿಗೆ ಅಜ್ಜಿ ತುತ್ತು ಹಿಡಿದರು. ಮಗು ತುಟಿ ಬಿಗಿದು ತಲೆಯಾಡಿಸಿತು.

"ದೃಷ್ಟಿ! ಘೋರ ದೃಷ್ಟಿ!" ಎಂದಿತು ಓಣಿ. "ಹಾಕ್ರೇ ಮೆಣಸಿನಕಾಯಿ!"

ಮ್ಜೇಯವರಿಗೆ ಅದು ಒಳ್ಳೆಯ ಅವಕಾಶ. ದೃಷ್ಟಿ ಎಂದರೆ ತಪ್ಪು ದೈತ್ಯನದು, ಅಜ್ಜ ಅವನನ್ನು ಅಟ್ಟಿಸಿಕೊಂಡು ಹೋದ ಶೂರ, ಬೀ ರುಕಿಯಾ ಕೂಡ ಏನೂ ಅನ್ನುವಂತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಜ್ವರದಿಂದ ಎದ್ದ ಮಗುವಿನ ಮುಖಕ್ಕೆ ಮೆಣಸಿನಕಾಯಿಯ ಹೊಗೆ ಬರುವುದರಲ್ಲಿತ್ತು.

"ನಿಲ್ಸಿ!" ಎಂದು ಗುಡುಗಿದರು. "ದೃಷ್ಟಿಯೂ ಇಲ್ಲ, ದೈತ್ಯನೂ ಇಲ್ಲ. ಹೊಟ್ಟೆ ತುಂಬಿದೆ ಅವಳಿಗೆ. ಕೋಟೆಯಿಂದ ಫೆರಿವರೆಗೆ ತಿಂದಿದ್ದಾಳೆ. ನನ್ನ ತಲೆ ಮೇಲೆ ಕೂತು, ನನಗೆ ಗೊತ್ತಿಲ್ಲದ ಹಾಗೆ," ಎಂದು ಟೋಪಿಯನ್ನು ಹೆಂಡತಿಯ ಕೈಗೆ ಕೊಟ್ಟರು.

ಓಣಿಗೆ ದೊಡ್ಡ ನಿರಾಸೆಯಾಯಿತು. ಒಕ್ಕಣ್ಣಿನ ದೈತ್ಯನನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಬೀ ರುಕಿಯಾ ಮಾತ್ರ ಟೋಪಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೋಂಡ. ಬೀಜ. ಕೊಬ್ಬರಿ. ಗಂಜಿಯನ್ನು ಉಗುಳುತ್ತಿದ್ದ ಮಗು. ಅವಳ ಹೊಟ್ಟೆಯ ಮೇಲೆ ಕೈ ಇಟ್ಟರು. ಡೋಲಿನ ಹಾಗಿತ್ತು. ಸೆರಗನ್ನು ಒಮ್ಮೆ ಮುಖಕ್ಕೆ ಎಳೆದುಕೊಂಡು, ಸರಿಮಾಡಿಕೊಂಡು, ಎಂದಿನ ಗದರುವ ಧ್ವನಿಯನ್ನು ಹುಡುಕಿ ತಂದರು.

"ಮಾಡಿದ ಅನ್ನ ಯಾರು ತಿನ್ಬೇಕು ಈಗ? ನೀವೇ ತಿನ್ನಿ. ನಾಳೆ ಬೆಳಿಗ್ಗೆ ಬೇಗ ಎದ್ದು ಇನ್ನೊಂದು ಸಲ ಊರು ತೋರಿಸ್ಕೊಂಡು ಬನ್ನಿ ಇವಳಿಗೆ."

ಮೊಮ್ಮಗಳು ಹುಟ್ಟಿದಂದಿನಿಂದ ಕಾದಿದ್ದ ಮಾತು ಅದು. ಓಣಿಯೆಲ್ಲ ಮ್ಜೇಯವರ ಮುಖ ನೋಡಿತು. ಅವರು ಹೊಸಿಲಿನ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ನಾಳೆ ಬೇಡ ಮಾರಾಯ್ತಿ," ಎಂದರು. "ಕುತ್ತಿಗೆ ನೋಯ್ತಿದೆ."